ಉದ್ಯಮ ಮುಖ್ಯಸ್ಥರ ಮಾನಸಿಕ ಆರೋಗ್ಯ ಮತ್ತು ಮನಶ್ಚಿಕಿತ್ಸೆ

ಉದ್ಯಮ ಮುಖ್ಯಸ್ಥರ ಮನಶ್ಚಿಕಿತ್ಸೆ ಎಂದರೆ ಕಂಪನಿಗಳ ಸ್ಥಾಪಕರು, ಮಾಲೀಕರು, ವ್ಯವಸ್ಥಾಪಕ ನಿರ್ದೇಶಕರು, ಸಿಇಒಗಳು ಹಾಗೂ ಅವರಷ್ಟೇ ಹೊಣೆ ಹೊತ್ತ ಹಿರಿಯ ಅಧಿಕಾರಿಗಳಿಗೆ ಅವರ ಕೆಲಸದ ಸ್ವರೂಪವನ್ನು ಗಮನದಲ್ಲಿಟ್ಟು ನೀಡುವ ಆಪ್ತಸಮಾಲೋಚನೆ, ಮನಶ್ಚಿಕಿತ್ಸೆ ಮತ್ತು ಮನೋವೈದ್ಯಕೀಯ ನೆರವು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಪ್ರತ್ಯೇಕ ಶಾಖೆಯ ಸ್ಥಾನವಿಲ್ಲ. ಖಿನ್ನತೆ, ಆತಂಕ, ನಿದ್ರಾಹೀನತೆ, ಮದ್ಯವ್ಯಸನಗಳಿಗೆ ಎಲ್ಲರಿಗೂ ಕೊಡುವ ಚಿಕಿತ್ಸೆಯೇ ಇಲ್ಲಿಯೂ ಬಳಕೆಯಾಗುತ್ತದೆ. ಚಿಕಿತ್ಸೆಯ ಸುತ್ತಲಿನ ಏರ್ಪಾಡು ಮಾತ್ರ ಬೇರೆ: ಗುಟ್ಟು ಕಾಯುವ ಬಗೆ, ಶುಲ್ಕ ಯಾರು ಕೊಡುತ್ತಾರೆ ಎಂಬ ಪ್ರಶ್ನೆ, ಹೊರಗಿನ ಯಶಸ್ಸು ಒಳಗಿನ ಕಾಯಿಲೆಯನ್ನು ಮರೆಮಾಡುವ ಸಾಧ್ಯತೆ, ಮತ್ತು ಎಲ್ಲರ ಅಹವಾಲು ಕೇಳುವ ಸ್ಥಾನದಲ್ಲಿರುವವರಿಗೆ ತಮ್ಮ ಮಾತು ಹೇಳಿಕೊಳ್ಳಲು ಜಾಗವಿಲ್ಲದಿರುವುದು.

ಪರಿಭಾಷೆ

ಈ ಕ್ಷೇತ್ರದ ಪದಗಳು ಒಂದರ ಬದಲು ಇನ್ನೊಂದು ಬಳಕೆಯಾಗುವುದರಿಂದ ಅರ್ಥಗಳನ್ನು ಗೊತ್ತುಮಾಡಿಕೊಳ್ಳುವುದು ಅಗತ್ಯ.

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆದವರು. ರೋಗನಿರ್ಣಯ ಮಾಡಿ ಔಷಧ ಬರೆಯುವವರು ಇವರು. ಚಿಕಿತ್ಸಾ ಮನೋವಿಜ್ಞಾನಿಗಳು ಮನಸ್ಸಿನ ಪರೀಕ್ಷೆಗಳನ್ನೂ ಮನಶ್ಚಿಕಿತ್ಸೆಯನ್ನೂ ನಡೆಸುತ್ತಾರೆ, ಔಷಧ ಕೊಡುವುದಿಲ್ಲ. ಭಾರತದಲ್ಲಿ ಇವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಆಪ್ತಸಮಾಲೋಚನೆ ಎಂಬುದು ಒಂದು ನಿರ್ದಿಷ್ಟ ತೊಡಕು ಅಥವಾ ಸಂದರ್ಭವನ್ನು ಎದುರಿಸಲು ನೀಡುವ ಅಲ್ಪಾವಧಿಯ ನೆರವು. ಮನಶ್ಚಿಕಿತ್ಸೆ ಕಾಯಿಲೆಯನ್ನು ಅಥವಾ ಬಹುಕಾಲದಿಂದ ಬೇರೂರಿದ ನಡವಳಿಕೆಯನ್ನು ಗುರಿಯಾಗಿಟ್ಟುಕೊಂಡ, ಸಿದ್ಧಾಂತದ ಆಧಾರವುಳ್ಳ ಚಿಕಿತ್ಸೆ. ಎಕ್ಸಿಕ್ಯುಟಿವ್ ಕೋಚಿಂಗ್ ಕೆಲಸದ ಗುರಿ ಮತ್ತು ಕೌಶಲಗಳಿಗೆ ಸಂಬಂಧಿಸಿದ ಮಾರ್ಗದರ್ಶನ. ಅದು ಚಿಕಿತ್ಸೆಯಲ್ಲ, ಕೋಚ್ ರೋಗನಿರ್ಣಯ ಮಾಡುವಂತಿಲ್ಲ.

ಬರ್ನ್‌ಔಟ್ ಎಂದರೆ ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡದಿಂದ ಹುಟ್ಟುವ ತೀವ್ರ ಬಳಲಿಕೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೇ ಆವೃತ್ತಿ ಇದನ್ನು ಉದ್ಯೋಗಸಂಬಂಧಿ ಸ್ಥಿತಿ ಎಂದು ಪಟ್ಟಿಮಾಡಿದೆ. ಕಾಯಿಲೆ ಎಂದು ಕರೆದಿಲ್ಲ.

ಹಿನ್ನೆಲೆ ಮತ್ತು ಬೆಳವಣಿಗೆ

ಕೆಲಸದ ಸ್ಥಳದಲ್ಲಿ ಮಾನಸಿಕ ಆರೋಗ್ಯದ ನೆರವು ವ್ಯವಸ್ಥಿತವಾಗಿ ಮೊದಲಾದದ್ದು ಅಮೆರಿಕದಲ್ಲಿ, ಮದ್ಯವ್ಯಸನದ ಸಮಸ್ಯೆಯಿಂದ. ಕುಡಿತ ಬಿಡಲು ಪರಸ್ಪರ ನೆರವಾಗುವವರ ಬಳಗವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನು 1935ರಲ್ಲಿ ಒಹಾಯೊ ರಾಜ್ಯದ ಆಕ್ರನ್‌ನಲ್ಲಿ ಹುಟ್ಟುಹಾಕಿದ ಇಬ್ಬರಲ್ಲಿ ಬಿಲ್ ವಿಲ್ಸನ್ ವಾಲ್‌ಸ್ಟ್ರೀಟ್‌ನ ಷೇರು ವಿಶ್ಲೇಷಕ, ಬಾಬ್ ಸ್ಮಿತ್ ಶಸ್ತ್ರವೈದ್ಯ. 1940ರ ದಶಕದಲ್ಲಿ ಡುಪಾಂಟ್, ಈಸ್ಟ್‌ಮನ್ ಕೊಡ್ಯಾಕ್‌ನಂಥ ಕಂಪನಿಗಳು ಕುಡಿತಕ್ಕೆ ಬಿದ್ದ ನೌಕರರಿಗಾಗಿ ಕಾರ್ಯಕ್ರಮ ಆರಂಭಿಸಿದವು. ಮುಂದೆ ಇವೇ ಎಲ್ಲ ಬಗೆಯ ಮಾನಸಿಕ ತೊಂದರೆಗಳನ್ನೂ ಒಳಗೊಂಡು ನೌಕರರ ನೆರವು ಯೋಜನೆಗಳಾಗಿ ಬೆಳೆದವು.

ನಾಯಕತ್ವವನ್ನು ಮನೋವಿಶ್ಲೇಷಣೆಯ ಕಣ್ಣಿನಿಂದ ನೋಡುವ ಪ್ರಯತ್ನ ಎರಡನೆಯ ಮಹಾಯುದ್ಧದ ಬಳಿಕ ಗಟ್ಟಿಯಾಯಿತು. ಹ್ಯಾರಿ ಲೆವಿನ್ಸನ್ 1954ರಲ್ಲಿ ಕ್ಯಾನ್ಸಸ್‌ನ ಟೊಪೀಕದಲ್ಲಿದ್ದ ಮೆನಿಂಜರ್ ಪ್ರತಿಷ್ಠಾನದಲ್ಲಿ ಕೈಗಾರಿಕಾ ಮಾನಸಿಕ ಆರೋಗ್ಯ ವಿಭಾಗ ಕಟ್ಟಿದರು. 1968ರಲ್ಲಿ ತಮ್ಮದೇ ಹೆಸರಿನ ಸಂಸ್ಥೆ ತೆರೆದರು. ಮನೋವಿಶ್ಲೇಷಣೆಯ ತರಬೇತಿ ಪಡೆದಿದ್ದ ಏಬ್ರಹಾಂ ಜಲೆಜ್ನಿಕ್ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ, ಮ್ಯಾನ್‌ಫ್ರೆಡ್ ಕೆಟ್ಸ್ ಡಿ ವ್ರೀಸ್ ಫ್ರಾನ್ಸಿನ ಇನ್ಸಿಯಾಡ್‌ನಲ್ಲಿ ಈ ಚಿಂತನೆಯನ್ನು ವ್ಯವಹಾರಾಡಳಿತ ಶಿಕ್ಷಣದೊಳಗೆ ತಂದರು. ಮುಖ್ಯಸ್ಥನ ಸ್ವಭಾವದ ತೊಡಕುಗಳು ಇಡೀ ಸಂಸ್ಥೆಯ ನಡವಳಿಕೆಯಲ್ಲಿ ಕಾಣಿಸಿಕೊಳ್ಳುತ್ತವೆ ಎಂಬುದು ಕೆಟ್ಸ್ ಡಿ ವ್ರೀಸ್ ಅವರು ಡ್ಯಾನಿ ಮಿಲ್ಲರ್ ಜೊತೆ ಬರೆದು 1984ರಲ್ಲಿ ಪ್ರಕಟಿಸಿದ ಪುಸ್ತಕದ ವಿಷಯ.

1970ರ ದಶಕದಲ್ಲಿ ಈಗಲೂ ಬಳಕೆಯಲ್ಲಿರುವ ಎರಡು ಪರಿಕಲ್ಪನೆಗಳು ಬಂದವು. ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಬರ್ನ್‌ಔಟ್ ಕುರಿತು ಬರೆದರು. ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಅದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. 1978ರಲ್ಲಿ ಪೌಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್, 150ಕ್ಕೂ ಹೆಚ್ಚು ಯಶಸ್ವಿ ಮಹಿಳೆಯರೊಂದಿಗಿನ ಒಡನಾಟದ ಆಧಾರದ ಮೇಲೆ ಇಂಪೋಸ್ಟರ್ ಭಾವವನ್ನು ವಿವರಿಸಿದರು: ಸಾಧನೆ ಕಣ್ಣೆದುರಿಗಿದ್ದರೂ ತಾನು ಅದಕ್ಕೆ ಯೋಗ್ಯಳಲ್ಲ, ಎಂದಾದರೂ ಬಣ್ಣ ಬಯಲಾಗುತ್ತದೆ ಎಂಬ ನಂಬಿಕೆ.

2011ರ ಕೊನೆಯಲ್ಲಿ ಬ್ರಿಟನ್ನಿನ ಲಾಯ್ಡ್ಸ್ ಬ್ಯಾಂಕಿಂಗ್ ಸಮೂಹದ ಮುಖ್ಯಸ್ಥ ಅಂತೊನಿಯೊ ಹೊರ್ಟಾ ಒಸೊರಿಯೊ ನಿದ್ರಾಹೀನತೆ ಮತ್ತು ಬಳಲಿಕೆಯಿಂದ ರಜೆ ಪಡೆದು, 2012ರ ಜನವರಿಯಲ್ಲಿ ಕೆಲಸಕ್ಕೆ ಮರಳಿದರು. ಚಿಕಿತ್ಸೆ ಪಡೆದು ಅದೇ ಹುದ್ದೆಗೆ ಹಿಂತಿರುಗಿದ ಈ ಪ್ರಕರಣ ಜಗತ್ತಿನ ಗಮನ ಸೆಳೆಯಿತು. ಅವರು ಆ ಬಳಿಕ ಬ್ಯಾಂಕಿನಲ್ಲಿ ಮಾನಸಿಕ ಆರೋಗ್ಯದ ಕಾರ್ಯಕ್ರಮಗಳಿಗೆ ಒತ್ತು ಕೊಟ್ಟರು.

ಹುದ್ದೆ ಮತ್ತು ಒತ್ತಡ: ಸಂಶೋಧನೆಯ ನೋಟ

ಹುದ್ದೆ ದೊಡ್ಡದಾದಷ್ಟೂ ಒತ್ತಡ ಹೆಚ್ಚು ಎಂಬ ನಂಬಿಕೆಗೆ 1958ರ ಒಂದು ಪ್ರಯೋಗ ಬಲ ಕೊಟ್ಟಿತ್ತು. ಜೋಸೆಫ್ ಬ್ರಾಡಿ ಕೋತಿಗಳನ್ನು ಜೋಡಿ ಜೋಡಿಯಾಗಿ ಕೂರಿಸಿ, ಎರಡಕ್ಕೂ ವಿದ್ಯುತ್ ಆಘಾತ ತಗಲುವಂತೆ ಮಾಡಿದರು. ಸನ್ನೆಯೊತ್ತಿ ಆಘಾತ ತಪ್ಪಿಸುವ ಹೊಣೆ ಒಂದಕ್ಕೆ ಮಾತ್ರ ಇತ್ತು. ಅದಕ್ಕೆ ‘ಅಧಿಕಾರಿ ಕೋತಿ’ ಎಂದು ಹೆಸರಾಯಿತು. ಹೊಣೆ ಹೊತ್ತ ಕೋತಿಗಳಿಗೆ ಹೊಟ್ಟೆಹುಣ್ಣಾಯಿತು. ಆದರೆ ಬೇಗ ಕಲಿಯುವ ಕೋತಿಗಳನ್ನೇ ಆ ಜಾಗಕ್ಕೆ ಆರಿಸಲಾಗಿತ್ತು ಎಂಬ ದೋಷ ಮುಂದೆ ಗೊತ್ತಾಯಿತು. ಜೇ ವೈಸ್ 1970ರ ಸುಮಾರಿಗೆ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಫಲಿತಾಂಶ ತಿರುವುಮುರುವಾಯಿತು: ಆಘಾತವನ್ನು ತಡೆಯುವ ಯಾವ ದಾರಿಯೂ ಇಲ್ಲದ ಇಲಿಗಳಿಗೇ ಹೆಚ್ಚು ಹುಣ್ಣಾಯಿತು.

ಮನುಷ್ಯರ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ. ಬ್ರಿಟಿಷ್ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನದಲ್ಲಿ ಅತಿ ಕೆಳದರ್ಜೆಯವರ ಸಾವಿನ ಪ್ರಮಾಣ ಅತಿ ಮೇಲ್ದರ್ಜೆಯವರದಕ್ಕಿಂತ ಸುಮಾರು ಮೂರು ಪಟ್ಟು ಇತ್ತು. 2012ರಲ್ಲಿ ಗ್ಯಾರಿ ಶೆರ್ಮನ್ ಮತ್ತು ಸಹೋದ್ಯೋಗಿಗಳು ಸೇನೆ ಹಾಗೂ ಸರ್ಕಾರದ ಅಧಿಕಾರಿಗಳಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ನಾಯಕ ಸ್ಥಾನದಲ್ಲಿದ್ದವರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಮಟ್ಟವೂ ಆತಂಕವೂ ಕಡಿಮೆ. ನಿಯಂತ್ರಣ ತಮ್ಮ ಕೈಯಲ್ಲಿದೆ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು ಎಂದು ಅವರು ಸೂಚಿಸಿದರು.

ಹಾಗಾಗಿ ಹುದ್ದೆ ತಾನಾಗಿಯೇ ಕಾಯಿಲೆ ತರುವುದಿಲ್ಲ. ಹೊಣೆ ಉಳಿದು ಹಿಡಿತ ತಪ್ಪಿದಾಗ ಅಪಾಯ ಹೆಚ್ಚುತ್ತದೆ. ಮಾರುಕಟ್ಟೆ ಕುಸಿತ, ಸಾಲದ ಗಡುವು, ಹೂಡಿಕೆದಾರರ ಒತ್ತಡ, ಪಾಲುದಾರರ ಜಗಳಗಳು ಇಂಥ ಸಂದರ್ಭಗಳು. ಸ್ವಂತ ಉದ್ಯಮ ಕಟ್ಟುವವರ ಸ್ಥಿತಿ ಸಂಬಳದ ಅಧಿಕಾರಿಗಳದಕ್ಕಿಂತ ಬೇರೆ. ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೈಕೆಲ್ ಫ್ರೀಮನ್ ತಂಡ 242 ಉದ್ಯಮಿಗಳಿಂದ ಮಾಹಿತಿ ಪಡೆದು 2015ರಲ್ಲಿ ಹೊರತಂದ ವರದಿಯಲ್ಲಿ, ಶೇ 49ರಷ್ಟು ಮಂದಿ ಜೀವನದ ಯಾವುದಾದರೊಂದು ಘಟ್ಟದಲ್ಲಿ ಮಾನಸಿಕ ತೊಂದರೆ ಅನುಭವಿಸಿದ್ದಾಗಿ ತಿಳಿಸಿದ್ದರು; ಖಿನ್ನತೆಯ ಪ್ರಮಾಣ ಶೇ 30. ಇವು ಉದ್ಯಮಿಗಳು ತಾವೇ ಹೇಳಿಕೊಂಡ ವಿವರಗಳು, ವೈದ್ಯರ ನಿರ್ಣಯಗಳಲ್ಲ.

ದುಡಿಮೆಯ ಅವಧಿಯೂ ಮುಖ್ಯ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೆಲಸ ಮಾಡುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜಿಸಿದವು.

ಸಾಮಾನ್ಯವಾಗಿ ಕಾಣುವ ತೊಂದರೆಗಳು

ಬರ್ನ್‌ಔಟ್‌ಗೆ ಮೂರು ಲಕ್ಷಣಗಳಿವೆ: ಬತ್ತಿಹೋದಂಥ ಬಳಲಿಕೆ, ಕೆಲಸ ಮತ್ತು ಜನರ ಬಗ್ಗೆ ಬೇಸರದ ದೂರ, ಮಾಡಿದ್ದೆಲ್ಲ ವ್ಯರ್ಥ ಎಂಬ ಭಾವನೆ. ಇದು ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಖಿನ್ನತೆ ಬದುಕಿನ ಎಲ್ಲ ಕಡೆಗೂ ಹರಡುತ್ತದೆ: ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಮಕ್ಕಳ ಆಟ, ಸಂಗೀತ, ಊಟ ಯಾವುದರಲ್ಲೂ ರುಚಿ ಉಳಿಯದಿರುವುದು, ನಿದ್ದೆ ಹಸಿವುಗಳ ಏರುಪೇರು, ಸಾವಿನ ಯೋಚನೆ. ಖಿನ್ನತೆಯಲ್ಲೂ ಸಭೆ ನಡೆಸಿ, ಲೆಕ್ಕ ನೋಡಿ, ನಗುನಗುತ್ತ ಮಾತಾಡಬಲ್ಲ ಮುಖ್ಯಸ್ಥರಿರುತ್ತಾರೆ. ಕೆಲಸ ಸಾಗುತ್ತಿದೆ ಎಂಬ ಕಾರಣಕ್ಕೆ ಮನೆಯವರೂ ವೈದ್ಯರೂ ಕಾಯಿಲೆಯನ್ನು ಗುರುತಿಸದೆ ಹೋಗಬಹುದು.

ಆತಂಕ ಮತ್ತು ನಿದ್ರಾಹೀನತೆ ಹಲವೊಮ್ಮೆ ದೇಹದ ಬಾಧೆಗಳಾಗಿ ಬರುತ್ತವೆ. ಎದೆ ಬಿಗಿತ, ಹೊಟ್ಟೆಯುರಿ, ತಲೆನೋವು ಎಂದು ಹೃದ್ರೋಗ ಅಥವಾ ಜಠರ ತಜ್ಞರ ಬಳಿಗೆ ಹೋದವರು ಅಲ್ಲಿಂದ ಮನೋವೈದ್ಯರಲ್ಲಿಗೆ ಬರುವುದುಂಟು.

ಪರಿಪೂರ್ಣತೆಯ ಹಟವನ್ನು ಪಾಲ್ ಹ್ಯೂಯಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಮೂರಾಗಿ ವಿಂಗಡಿಸಿದರು: ತನ್ನಿಂದಲೇ ನಿರೀಕ್ಷಿಸುವುದು, ಇತರರಿಂದ ನಿರೀಕ್ಷಿಸುವುದು, ಸಮಾಜ ತನ್ನಿಂದ ನಿರೀಕ್ಷಿಸುತ್ತಿದೆ ಎಂದು ಭಾವಿಸುವುದು. ಮೂರನೆಯದಕ್ಕೆ ಖಿನ್ನತೆಯೊಂದಿಗೆ ಗಾಢ ನಂಟಿದೆ. ಪರಿಪೂರ್ಣತೆಯ ಹಟವಾಗಲಿ ಇಂಪೋಸ್ಟರ್ ಭಾವವಾಗಲಿ ರೋಗದ ಹೆಸರುಗಳಲ್ಲ. ಚಿಕಿತ್ಸೆಯಲ್ಲಿ ಇವು ಅಡಿಗಲ್ಲಿನಂತೆ ಸಿಗುವ ಮನೋಭಾವಗಳು.

ಮದ್ಯಪಾನ ವ್ಯವಹಾರದ ಔತಣಕೂಟಗಳಲ್ಲಿ ಒಪ್ಪಿತವಾಗಿರುವುದರಿಂದ ವ್ಯಸನ ತಡವಾಗಿ ಬಯಲಾಗುತ್ತದೆ. ಬೈಪೋಲಾರ್ ಕಾಯಿಲೆಯ ಲಘು ಉನ್ಮಾದದ ಹಂತವನ್ನು ಉತ್ಸಾಹವೆಂದು ತಪ್ಪು ತಿಳಿಯುವ ಸಾಧ್ಯತೆ ಉದ್ಯಮ ಕ್ಷೇತ್ರದಲ್ಲಿ ಹೆಚ್ಚು: ನಿದ್ದೆಯೇ ಬೇಡವೆನ್ನಿಸುವುದು, ಒಟ್ಟಿಗೆ ಹತ್ತು ಯೋಜನೆ ಕೈಗೆತ್ತಿಕೊಳ್ಳುವುದು, ಲೆಕ್ಕವಿಲ್ಲದೆ ಹಣ ಹೂಡುವುದು ಅದರ ಚಿಹ್ನೆಗಳಾಗಿರಬಹುದು. ಕಂಪನಿ ಮಾರಿದ ಬಳಿಕ ಅಥವಾ ನಿವೃತ್ತಿಯ ಬಳಿಕ ಗುರುತೇ ಕಳೆದಂತಾಗಿ ಕುಗ್ಗುವವರೂ ಇದ್ದಾರೆ.

ಚಿಕಿತ್ಸೆಯ ರಚನೆ

ಮೊದಲ ಹಂತ ಮೌಲ್ಯಮಾಪನ. ಥೈರಾಯ್ಡ್ ದೋಷ, ಬಿ12 ಕೊರತೆ, ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರುಕಟ್ಟುವಿಕೆ ಇವು ಬಳಲಿಕೆ ಹಾಗೂ ಖಿನ್ನತೆಯಂತೆ ತೋರಬಲ್ಲವಾದ್ದರಿಂದ ದೈಹಿಕ ತಪಾಸಣೆ ಅಗತ್ಯ. ಖಿನ್ನತೆಗೆ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು–9, ಆತಂಕಕ್ಕೆ ಏಳು ಪ್ರಶ್ನೆಗಳ ಜಿಎಡಿ–7, ಮದ್ಯಪಾನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಆಡಿಟ್ ಬಳಕೆಯಲ್ಲಿವೆ. ಪಿಎಚ್‌ಕ್ಯು–9ರಲ್ಲಿ ಗರಿಷ್ಠ ಅಂಕ 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿವರವಾದ ಪರೀಕ್ಷೆ ನಡೆಸುವುದು ವಾಡಿಕೆ.

ಭೇಟಿಗಳು ಸಾಮಾನ್ಯವಾಗಿ ವಾರಕ್ಕೊಮ್ಮೆ, 45ರಿಂದ 50 ನಿಮಿಷ. ಅರಿವು–ವರ್ತನಾ ಚಿಕಿತ್ಸೆ ಬಹುತೇಕ 12ರಿಂದ 20 ಭೇಟಿಗಳಲ್ಲಿ ಮುಗಿಯುತ್ತದೆ. ಪ್ರಯಾಣದ ನೆಪದಲ್ಲಿ ಭೇಟಿ ಮುಂದೂಡುವುದು, ಚಿಕಿತ್ಸಕರನ್ನೇ ನಿರ್ದೇಶಿಸಲು ಹೊರಡುವುದು, ಬೇಗ ಫಲಿತಾಂಶ ಕೇಳುವುದು ಈ ವರ್ಗದಲ್ಲಿ ಪದೇಪದೇ ಎದುರಾಗುವ ಅಡ್ಡಿಗಳು. ಅನುಭವಿ ಚಿಕಿತ್ಸಕರು ಈ ನಡವಳಿಕೆಗಳನ್ನೇ ಮಾತುಕತೆಯ ವಿಷಯವಾಗಿಸುತ್ತಾರೆ.

ಅರಿವು–ವರ್ತನಾ ಚಿಕಿತ್ಸೆಯ ಒಂದು ಸಾಧನ ಯೋಚನಾ ದಾಖಲೆ. ಹಾಳೆಯ ಮೇಲೆ ಐದು ಅಂಕಣ ಗೆರೆ ಎಳೆಯಲಾಗುತ್ತದೆ. ಸಂಬಳ ಕೊಡುವ ದಿನ ಹತ್ತಿರವಾಗಿದೆ, ದೊಡ್ಡ ಗಿರಾಕಿಯಿಂದ ಬರಬೇಕಾದ ಹಣ ಬಂದಿಲ್ಲ ಎಂದಿಟ್ಟುಕೊಂಡರೆ, ಅದು ಮೊದಲ ಅಂಕಣದ ಸಂದರ್ಭ. ‘ನಾನು ಎಲ್ಲರನ್ನೂ ಮುಳುಗಿಸಿದೆ’ ಎಂದು ಆ ಗಳಿಗೆಯಲ್ಲಿ ಹೊಳೆದ ಯೋಚನೆ ಎರಡನೆಯದು. ಭಯ, ನಾಚಿಕೆ, ಅವುಗಳ ತೀವ್ರತೆ ನೂರಕ್ಕೆ ಎಷ್ಟೆಂಬುದು ಮೂರನೆಯದು. ಆ ಯೋಚನೆಯ ಪರ ಮತ್ತು ವಿರುದ್ಧವಿರುವ ಸಾಕ್ಷ್ಯ ನಾಲ್ಕನೆಯದು: ಹಿಂದೆ ಇಂಥದೇ ತಿಂಗಳು ಬಂದಿತ್ತೆ, ಆಗ ಏನಾಯಿತು, ಬ್ಯಾಂಕಿನಲ್ಲಿ ಎಷ್ಟಿದೆ, ಯಾರೊಡನೆ ಮಾತಾಡಬಹುದು. ಇವನ್ನೆಲ್ಲ ತೂಗಿದ ಮೇಲಿನ ಸಮತೋಲನದ ಯೋಚನೆ ಐದನೆಯದು: ‘ಈ ತಿಂಗಳು ಕಷ್ಟ, ಸಂಬಳ ನಾಲ್ಕು ದಿನ ತಡವಾಗಬಹುದು, ನಾಳೆಯೇ ನೌಕರರಿಗೆ ತಿಳಿಸುತ್ತೇನೆ’. ಕಷ್ಟವನ್ನು ಇಲ್ಲವೆನ್ನುವುದು ಈ ದಾಖಲೆಯ ಉದ್ದೇಶವಲ್ಲ. ಕಷ್ಟ ಎಷ್ಟಿದೆಯೋ ಅಷ್ಟಾಗಿ ಕಾಣುವಂತೆ ಮಾಡುವುದು ಅದರ ಕೆಲಸ.

ವಿಧಗಳು

ಅರಿವು–ವರ್ತನಾ ಚಿಕಿತ್ಸೆ: 1960ರ ದಶಕದಲ್ಲಿ ಏರನ್ ಬೆಕ್ ರೂಪಿಸಿದ ಪದ್ಧತಿಯಿಂದ ಬೆಳೆದದ್ದು. ಖಿನ್ನತೆ, ಆತಂಕಗಳಿಗೆ ಇದರ ಪರಿಣಾಮದ ಬಗ್ಗೆ ವಿಪುಲ ಪುರಾವೆಯಿದೆ. ದೀರ್ಘಕಾಲದ ನಿದ್ರಾಹೀನತೆಗೆ ಇದರದೇ ಒಂದು ರೂಪವನ್ನು ಮಾತ್ರೆಗಿಂತ ಮೊದಲು ಶಿಫಾರಸು ಮಾಡಲಾಗುತ್ತದೆ.

ಮನೋಗತಿಶೀಲ ಚಿಕಿತ್ಸೆ: ಬಾಲ್ಯದ ಸಂಬಂಧಗಳು ಇಂದಿನ ಅಧಿಕಾರ, ಪೈಪೋಟಿ, ಮೆಚ್ಚುಗೆಯ ಹಸಿವಿನಲ್ಲಿ ಹೇಗೆ ಮರುಕಳಿಸುತ್ತವೆ ಎಂಬುದನ್ನು ಪರಿಶೀಲಿಸುತ್ತದೆ, ತಿಂಗಳುಗಳಿಂದ ವರ್ಷಗಳವರೆಗೆ ನಡೆಯುತ್ತದೆ.

ಸಾವಧಾನ ಆಧಾರಿತ ತರಬೇತಿ: ಜಾನ್ ಕಬಟ್ ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಎಂಟು ವಾರಗಳ ಒತ್ತಡ ನಿವಾರಣಾ ಕಾರ್ಯಕ್ರಮ ಇದರ ಮಾದರಿ.

ದಂಪತಿ ಮತ್ತು ಕುಟುಂಬ ಚಿಕಿತ್ಸೆ: ತಂದೆ, ಮಕ್ಕಳು, ಸಹೋದರರು ಒಂದೇ ಪೇಢಿಯಲ್ಲಿರುವ ಕುಟುಂಬ ಉದ್ಯಮಗಳಲ್ಲಿ, ವಿಶೇಷವಾಗಿ ಉತ್ತರಾಧಿಕಾರದ ಹೊತ್ತಿನಲ್ಲಿ ಪ್ರಯೋಜನಕಾರಿ.

ಔಷಧ ಚಿಕಿತ್ಸೆ: ಮಧ್ಯಮ ಮತ್ತು ತೀವ್ರ ಖಿನ್ನತೆಯಲ್ಲಿ ಮನಶ್ಚಿಕಿತ್ಸೆಯ ಜೊತೆಗೆ ಬಳಸಲಾಗುತ್ತದೆ. ಖಿನ್ನತೆ ನಿವಾರಕಗಳ ಪರಿಣಾಮ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸುವುದು ವಾಡಿಕೆ. ಬೈಪೋಲಾರ್ ಕಾಯಿಲೆಗೆ ಬೇರೆ ವರ್ಗದ ಔಷಧಗಳಿವೆ.

ಸಮಾನಸ್ಕಂಧರ ಬಳಗ: 1950ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ರೇ ಹಿಕಾಕ್ ಸ್ಥಾಪಿಸಿದ ಯಂಗ್ ಪ್ರೆಸಿಡೆಂಟ್ಸ್ ಆರ್ಗನೈಸೇಷನ್ ಸಣ್ಣ ಗುಂಪುಗಳಲ್ಲಿ ಮುಖ್ಯಸ್ಥರು ಗುಟ್ಟಾಗಿ ಕಷ್ಟಸುಖ ಹಂಚಿಕೊಳ್ಳುವ ಪದ್ಧತಿಯನ್ನು ಬೆಳೆಸಿದೆ. ಇದು ಒಂಟಿತನ ನೀಗಲು ನೆರವಾಗುತ್ತದೆ, ಚಿಕಿತ್ಸೆಗೆ ಬದಲಿಯಾಗುವುದಿಲ್ಲ.

ಧ್ಯಾನ ಮತ್ತು ಯೋಗ: ಭಾರತದಲ್ಲಿ ಉದ್ಯಮಿಗಳು ಮೊದಲು ಮೊರೆಹೋಗುವ ದಾರಿಗಳಲ್ಲಿ ಇವೂ ಸೇರಿವೆ. ವಿಪಶ್ಯನ ಧ್ಯಾನವನ್ನು 1969ರಲ್ಲಿ ಭಾರತಕ್ಕೆ ತಂದ ಎಸ್.ಎನ್. ಗೋಯೆಂಕ ಸ್ವತಃ ಬರ್ಮಾದಲ್ಲಿ ಉದ್ಯಮಿಯಾಗಿದ್ದವರು. ತೀವ್ರ ಅರೆತಲೆನೋವಿನಿಂದ ನರಳಿ 1955ರಲ್ಲಿ ಊ ಬಾ ಖಿನ್ ಅವರ ಬಳಿ ಧ್ಯಾನ ಕಲಿತರು. ತೀವ್ರ ಖಿನ್ನತೆ ಅಥವಾ ಉನ್ಮಾದ ಇರುವವರು ದೀರ್ಘ ಮೌನ ಶಿಬಿರಕ್ಕೆ ಮುನ್ನ ವೈದ್ಯರ ಸಲಹೆ ಪಡೆಯಬೇಕು.

ಗೋಪ್ಯತೆ ಮತ್ತು ವೃತ್ತಿಧರ್ಮ

ಕಾಯಿಲೆಯ ಸುದ್ದಿ ಹೊರಬಿದ್ದರೆ ಷೇರು ಬೆಲೆ, ಬ್ಯಾಂಕಿನ ವಿಶ್ವಾಸ, ನಿರ್ದೇಶಕ ಮಂಡಳಿಯ ನಂಬಿಕೆ ಕುಸಿದೀತೆಂಬ ಭಯ ಮುಖ್ಯಸ್ಥರನ್ನು ಚಿಕಿತ್ಸೆಯಿಂದ ದೂರವಿಡುತ್ತದೆ. ಭಾರತದ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ 2017ರ 23ನೆಯ ಕಲಂ ಗೋಪ್ಯತೆಯನ್ನು ಹಕ್ಕಾಗಿ ನೀಡಿದೆ. ಜೀವಕ್ಕೆ ಅಪಾಯ, ಇತರರಿಗೆ ಹಾನಿ, ನ್ಯಾಯಾಲಯದ ಆದೇಶದಂಥ ಸೀಮಿತ ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ವಿನಾಯಿತಿ.

ಶುಲ್ಕವನ್ನು ಕಂಪನಿಯೇ ಭರಿಸಿದಾಗ ಚಿಕಿತ್ಸಕರ ನಿಷ್ಠೆ ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ. ಮಂಡಳಿಗೆ ಏನು ತಿಳಿಸಲಾಗುತ್ತದೆ, ಏನು ತಿಳಿಸುವುದಿಲ್ಲ ಎಂಬುದನ್ನು ಮೊದಲ ಭೇಟಿಯಲ್ಲೇ ಬರಹದಲ್ಲಿ ಗೊತ್ತುಮಾಡುವುದು ಒಳ್ಳೆಯ ಪದ್ಧತಿ. ಕಾರ್ಯಕ್ಷಮತೆಯ ಮೌಲ್ಯಮಾಪನ ಮತ್ತು ಚಿಕಿತ್ಸೆ ಒಬ್ಬರ ಕೈಯಲ್ಲೇ ಇರಬಾರದು.

ಪ್ರಭಾವಿಗಳೆಂಬ ಕಾರಣಕ್ಕೇ ಚಿಕಿತ್ಸೆ ಕೆಡುವುದನ್ನು ವಾಲ್ಟರ್ ವೈನ್‌ಟ್ರಾಬ್ 1964ರಲ್ಲಿ ‘ವಿಐಪಿ ಸಿಂಡ್ರೋಮ್’ ಎಂದು ಹೆಸರಿಸಿದರು. ಕಟುವಾದ ಪ್ರಶ್ನೆ ಕೇಳಲು ಹಿಂಜರಿಯುವುದು, ನಿಯಮ ಸಡಿಲಿಸುವುದು, ಆಸ್ಪತ್ರೆಗೆ ಸೇರಿಸಬೇಕಾದವರನ್ನು ಮನೆಯಲ್ಲೇ ನೋಡುವುದು ಇದರ ರೂಪಗಳು. ಇದರಿಂದ ನಷ್ಟವಾಗುವುದು ರೋಗಿಗೇ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತದ ಬಹುಪಾಲು ಉದ್ಯಮಗಳು ಕುಟುಂಬದ ಒಡೆತನದಲ್ಲಿವೆ. ಮನೆಯ ಮಾನ ಮತ್ತು ಪೇಢಿಯ ಮಾನ ಬೇರೆಬೇರೆಯಾಗಿರುವುದಿಲ್ಲ. ಸಾಲಕ್ಕೆ ಪ್ರವರ್ತಕರು ಸ್ವಂತ ಜಾಮೀನು ಕೊಡುವುದು ರೂಢಿ. ದಿವಾಳಿ ಸಂಹಿತೆಯ ವೈಯಕ್ತಿಕ ಜಾಮೀನುದಾರರ ಕುರಿತ ನಿಯಮಗಳು 2019ರ ಡಿಸೆಂಬರ್ 1ರಿಂದ ಜಾರಿಯಾದವು. 2021ರಲ್ಲಿ ಸುಪ್ರೀಂ ಕೋರ್ಟ್ ಅವನ್ನು ಎತ್ತಿಹಿಡಿಯಿತು. ಹೀಗಾಗಿ ಕಂಪನಿಯ ಸೋಲು ಮನೆಯ ಬಾಗಿಲವರೆಗೂ ಬರುತ್ತದೆ.

ಕೆಫೆ ಕಾಫಿ ಡೇ ಸ್ಥಾಪಕ, ಚಿಕ್ಕಮಗಳೂರು ಜಿಲ್ಲೆಯ ವಿ.ಜಿ. ಸಿದ್ಧಾರ್ಥ 2019ರ ಜುಲೈ 29ರಂದು ಮಂಗಳೂರು ಬಳಿ ಕಾಣೆಯಾಗಿ, ಎರಡು ದಿನಗಳ ಬಳಿಕ ಅವರ ದೇಹ ದೊರೆಯಿತು. ಉದ್ಯಮಿಗಳ ಮೇಲಿನ ಒತ್ತಡದ ಬಗ್ಗೆ ರಾಜ್ಯದಲ್ಲಿ ಆಗ ವ್ಯಾಪಕ ಚರ್ಚೆ ನಡೆಯಿತು. ಇಂಥ ಸಾವುಗಳಿಗೆ ಒಂದೇ ಕಾರಣ ಹಚ್ಚುವುದು ಸರಿಯಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾಧ್ಯಮ ಮಾರ್ಗಸೂಚಿಯ ನಿಲುವು.

2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಹೇಳುತ್ತದೆ. ದೈಹಿಕ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗಳಿಗೂ ವಿಮಾ ರಕ್ಷಣೆ ಕೊಡಬೇಕೆಂದು ವಿಧಿಸುತ್ತದೆ.

ಈ ಕ್ಷೇತ್ರದಲ್ಲಿ ದೇಶದ ಪ್ರಮುಖ ಸಂಸ್ಥೆ 1974ರಲ್ಲಿ ಈಗಿನ ರೂಪ ಪಡೆದ ಬೆಂಗಳೂರಿನ ನಿಮ್ಹಾನ್ಸ್. ಅದು ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಮಾನಸಿಕ ತೊಂದರೆಯಿತ್ತು. ಮಹಾನಗರಗಳಲ್ಲಿ ಪ್ರಮಾಣ ಹೆಚ್ಚು. ತೊಂದರೆಯಿದ್ದವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆಸ್ಪತ್ರೆಯ ಆವರಣಕ್ಕೆ ಬರಲು ಹಿಂಜರಿಯುವವರಿಗಾಗಿ ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನ ಕ್ಷೇಮ ಕೇಂದ್ರವಿದೆ. ನಟಿ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆಯ ಬಗ್ಗೆ ಮಾತಾಡಿ 2015ರಲ್ಲಿ ಕಟ್ಟಿದ ಲಿವ್ ಲವ್ ಲಾಫ್ ಪ್ರತಿಷ್ಠಾನದ ನೆಲೆಯೂ ಬೆಂಗಳೂರು. ಯಶಸ್ಸು ಮತ್ತು ಖಿನ್ನತೆ ಜೊತೆಗಿರಬಲ್ಲವು ಎಂಬ ಅರಿವು ಹರಡಲು ಅದು ನೆರವಾಯಿತು.

ಇಂದಿನ ಸ್ಥಿತಿ

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಕೆಲಸ ಮತ್ತು ಮಾನಸಿಕ ಆರೋಗ್ಯದ ಮಾರ್ಗಸೂಚಿ ವ್ಯಕ್ತಿಗೆ ಚಿಕಿತ್ಸೆ ಕೊಡುವುದರ ಜೊತೆಗೆ ಕೆಲಸದ ಏರ್ಪಾಡನ್ನೂ ಬದಲಿಸಬೇಕು, ವ್ಯವಸ್ಥಾಪಕರಿಗೆ ತರಬೇತಿ ಕೊಡಬೇಕು ಎನ್ನುತ್ತದೆ. ಭಾರತದಲ್ಲಿ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಬಳಿಕ ವಿಡಿಯೊ ಕರೆಯಲ್ಲಿ ಚಿಕಿತ್ಸೆ ಪಡೆಯುವುದು ಸುಲಭವಾಗಿದೆ; ಕಾಯುವ ಕೋಣೆಯಲ್ಲಿ ಗುರುತಿನವರು ಸಿಗುವ ಅಳುಕು ಇದರಿಂದ ತಪ್ಪುತ್ತದೆ.

ಆದರೆ ಪ್ರತ್ಯೇಕ ಏರ್ಪಾಡಿನ ಚಿಕಿತ್ಸೆ ಮಹಾನಗರಗಳಿಗೆ, ಹೆಚ್ಚಿನ ಶುಲ್ಕ ತೆರಬಲ್ಲವರಿಗೆ ಸೀಮಿತವಾಗಿದೆ. ಗಂಗಾವತಿಯ ಅಕ್ಕಿ ಗಿರಣಿಯ ಮಾಲೀಕರು, ದೊಡ್ಡಬಳ್ಳಾಪುರದ ಮಗ್ಗದ ಯಜಮಾನರು, ಪೀಣ್ಯದ ಸಣ್ಣ ಕೈಗಾರಿಕೆಗಳ ಒಡೆಯರು ಸಾಲ, ಸಂಬಳ, ಮನೆತನದ ಹೊರೆಯನ್ನು ದೊಡ್ಡ ಉದ್ಯಮಿಗಳಂತೆಯೇ ಹೊತ್ತಿದ್ದರೂ ಅವರಿಗೆ ಮಂಡಳಿಯಾಗಲಿ ಸಮಾನಸ್ಕಂಧರ ಬಳಗವಾಗಲಿ ಇರುವುದು ವಿರಳ. ಇವರಿಗೂ ಉಳಿದೆಲ್ಲರಿಗೂ ತೆರೆದಿರುವ ಸಾರ್ವಜನಿಕ ದೂರವಾಣಿ ಸೇವೆ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಬೆಂಗಳೂರಿನಲ್ಲಿ ಚಾಲನೆ ಪಡೆದ ಇದರ ಸಂಖ್ಯೆ 14416. ಕರೆ ಉಚಿತ, ಹಗಲಿರುಳೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.